ಜಪಾನ್ ವಿದ್ಯಾರ್ಥಿಗಳ ಜೊತೆ ಎರಡು ವಾರದ ಗೆಳೆತನ: ಬೇಕೇ, ಬೇಡವೇ?

ನಮ್ಮ ಕ್ರೈಸ್ತ ಸಭೆಗಳು ಜಪಾನಿಗೆ ಎರಡು ವಾರದ ಮಿಷನ್ ತಂಡ ಕಳಿಸಿ, ಅಲ್ಲಿನ ಕಾಲೇಜು ಹುಡುಗ-ಹುಡುಗಿಯರ ಗೆಳೆತನ ಬೆಳೆಸುವುದು ಸರಿಯೇ? ಪರವಾಗಿ ಬರೆದವರು ಶಿವಮೊಗ್ಗ ಜಿಲ್ಲೆಯ ಒಬ್ಬ ಹೈಸ್ಕೂಲ್ ಶಿಕ್ಷಕಿ. ಅಂಥ ತಂಡದಲ್ಲಿ ಹೋಗಿ ಬಂದವರು. ವಿರೋಧವಾಗಿ ಬರೆದವರು ಮಂಗಳೂರು ಕಡೆಯ ಇಂಜಿನಿಯರ್. ಹನ್ನೊಂದು ವರ್ಷದಿಂದ ಯೊಕೊಹಾಮಾದಲ್ಲಿದ್ದಾರೆ.

ಪರ: ಉಪ್ಪು ಯಾವುದು ಅಂತ ತೋರಿಸಿದವಳು

ಸಪ್ಪೊರೊದ ಅಂಗಡಿಯಲ್ಲಿ ಎರಡು ಪ್ಯಾಕೆಟ್ ಅಕ್ಕಪಕ್ಕ ಇದ್ದವು. ಎರಡರಲ್ಲೂ ಬಿಳಿ ಪುಡಿ. ಮೇಲೆ ನನಗೆ ಓದಲು ಬಾರದ ಅಕ್ಷರ. ಮರುದಿನ ಸಂಜೆ ಮೂವತ್ತು ವಿದ್ಯಾರ್ಥಿಗಳಿಗೆ ಚಿತ್ರಾನ್ನ ಮಾಡಬೇಕಿತ್ತು. ಅರಿಶಿನದ ಪುಡಿ ಮನೆಯಿಂದ ಒಯ್ದಿದ್ದೆ, ಉಪ್ಪು ಅಲ್ಲೇ ಕೊಂಡರಾಯ್ತು ಅಂದುಕೊಂಡಿದ್ದೆ. ಒಂದು ಪ್ಯಾಕೆಟ್ ಬುಟ್ಟಿಗೆ ಹಾಕಿದೆ. ಪಕ್ಕದಲ್ಲಿದ್ದ ಹುಡುಗಿ ಮೆಲ್ಲಗೆ ಅದನ್ನು ತೆಗೆದು ವಾಪಸ್ ಇಟ್ಟಳು. "ಶುಗರ್" ಅಂದಳು. ಇನ್ನೊಂದನ್ನು ನನ್ನ ಕೈಗೆ ಕೊಟ್ಟು, "ಶಿಯೊ. ಸಾಲ್ಟ್" ಅಂದಳು.

ಹಿಂದಿನ ಸಂಜೆ ನಮ್ಮ ಇಂಗ್ಲಿಷ್ ಮಾತುಕತೆಗೆ ಬಂದು ಎರಡು ಗಂಟೆ ಕೂತಿದ್ದವಳು ಇವಳೇ. ಅವತ್ತು ಒಂದು ಮಾತೂ ಆಡಿರಲಿಲ್ಲ. ಅಂಗಡಿಯಲ್ಲಿ ಅವಳ ಸಹಾಯ ನನಗೆ ಬೇಕಾಯಿತು ನೋಡಿ, ಅವಳ ಬಾಯಿ ಬಿಚ್ಚಿತು. ಶೇಂಗಾ ಹುಡುಕಿಕೊಟ್ಟಳು. ನಿಂಬೆಹಣ್ಣು ಆರಿಸಿದಳು. ಮನೆಗೆ ಬಂದ ಮೇಲೆ ಸಣ್ಣ ಚೀಟಿಗಳ ಮೇಲೆ ಉಪ್ಪು, ಸಕ್ಕರೆ, ಎಣ್ಣೆ ಎಂದು ಜಪಾನಿಯಲ್ಲಿ ಬರೆದು, ಕೆಳಗೆ ಇಂಗ್ಲಿಷ್ ಬರೆದು ಡಬ್ಬಗಳಿಗೆ ಅಂಟಿಸಿದಳು. ಅಲ್ಲಿನ ಅಕ್ಕಿ ಅಂಟಂಟು. ಚಿತ್ರಾನ್ನ ಉದುರುದುರಾಗಿ ಬರಲಿಲ್ಲ, ಮುದ್ದೆ ಕಟ್ಟಿಕೊಂಡಿತು. ಆದರೂ ಅವಳು ಎರಡು ಸಲ ಹಾಕಿಸಿಕೊಂಡಳು.

ಎರಡು ವಾರದಲ್ಲಿ ಎಂಥ ಗೆಳೆತನ ಅಂತ ಕೇಳುತ್ತಾರಲ್ಲ, ಅವರಿಗೆ ನನ್ನ ಉತ್ತರ ಇದೇ. ಹೊಸದಾಗಿ ಬಂದವರಿಗೆ ಏನೂ ಗೊತ್ತಿರಲ್ಲ. ದಾರಿ ಗೊತ್ತಿಲ್ಲ, ಟ್ರೇನ್ ಟಿಕೆಟ್ ತೆಗೆಯೋದು ಗೊತ್ತಿಲ್ಲ, ಚಪ್ಪಲಿ ಎಲ್ಲಿ ಬಿಡಬೇಕು ಅಂತಲೂ ಗೊತ್ತಿಲ್ಲ. ಹತ್ತು ವರ್ಷ ಇದ್ದವರಿಗೆ ಎಲ್ಲ ಗೊತ್ತಿರುತ್ತೆ. ಅವರು ಕಲಿಸುವವರಾಗಿಬಿಡುತ್ತಾರೆ. ನಾವು ಕೇಳುವವರಾಗಿದ್ದೆವು. ಯಾರಿಗೂ ತಾನು ಬೇಕಾಗಿಲ್ಲ ಅಂದುಕೊಂಡ ಹುಡುಗಿಗೆ, ತನ್ನಿಂದ ಒಬ್ಬರಿಗೆ ಉಪಯೋಗವಾಯಿತು ಅನ್ನೋದು ಸಣ್ಣ ವಿಷಯವಲ್ಲ.

ಅವಳು ಯಾರಿಗೂ ಬೇಕಾಗಿಲ್ಲ ಅಂತ ನಾನು ಊಹೆ ಮಾಡಿ ಹೇಳುತ್ತಿಲ್ಲ, ಅವಳೇ ಹೇಳಿದ್ದು. ಬೇರೆ ಊರಿಂದ ಓದಲು ಬಂದವಳು. ಒಂದೇ ಕೋಣೆಯ ಮನೆ. ರಾತ್ರಿ ಊಟಕ್ಕೆ ಕೊಂಬಿನಿ ಅನ್ನುವ ಸಣ್ಣ ದಿನಸಿ ಅಂಗಡಿಯ ಒನಿಗಿರಿ, ಅಂದರೆ ಕಡಲಪಾಚಿ ಸುತ್ತಿದ ಅನ್ನದ ಉಂಡೆ. ತಿನ್ನುವಾಗ ಎದುರಿಗೆ ಗೋಡೆ. ಮೂರನೇ ವರ್ಷ ಮುಗಿಯುವ ಮೊದಲೇ ಕೆಲಸ ಹುಡುಕುವ ಓಟ ಶುರು. ಎಲ್ಲರಿಗೂ ಒಂದೇ ಥರದ ಕಪ್ಪು ಸೂಟ್. ಜಪಾನ್ ಸರಕಾರವೇ 2021ರ ಫೆಬ್ರವರಿಯಲ್ಲಿ ಒಂಟಿತನದ ವಿಷಯ ನೋಡಿಕೊಳ್ಳಲು ಒಬ್ಬ ಸಚಿವರನ್ನು ನೇಮಿಸಿತು. ಸರಕಾರಕ್ಕೇ ಕಾಣಿಸಿದ್ದು ನಮ್ಮ ಕಣ್ಣಿಗೆ ಬೀಳಬಾರದಾ?

ಇನ್ನೊಂದು ಮಾತು. ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಆಡುವ ಮೊದಲು ಮನಸ್ಸಿನಲ್ಲಿ ಮೂರು ಸಲ ಹೇಳಿಕೊಳ್ಳುತ್ತಿದ್ದ ಹುಡುಗಿ. ಅವರೂ ಹಾಗೇ. ಶಾಲೆಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿತಿರುತ್ತಾರೆ, ಆದರೆ ತಪ್ಪಾದರೆ ಎಂಬ ಭಯಕ್ಕೆ ಬಾಯಿ ಬಿಡಲ್ಲ. "ನನಗೂ ಹೀಗೇ ಆಗ್ತಿತ್ತು" ಅಂತ ನಾನು ಹೇಳಿದಾಗ ಆ ಮೇಜಿನ ಸುತ್ತ ಕೂತಿದ್ದವರ ಮುಖ ನೋಡಬೇಕಿತ್ತು. ನಮ್ಮ ಕಡೆಯಿಂದ ತಂಡ ಹೋಗಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಅವಳೇ ನಮ್ಮನ್ನು ಹೊಕ್ಕಾಯ್ಡೊ ವಿಶ್ವವಿದ್ಯಾಲಯದ ಆವರಣಕ್ಕೆ ಕರೆದುಕೊಂಡು ಹೋಗಿದ್ದು. ಅಕ್ಟೋಬರ್ ಕೊನೆ. ಗಿಂಕೊ ಮರಗಳ ಸಾಲು ಹಳದಿಯಾಗಿತ್ತು. ಗಾಳಿಯಲ್ಲಿ ಬಿಳಿ ಹತ್ತಿ ಅಂಟಿಸಿಕೊಂಡಂತಿದ್ದ ಪುಟ್ಟ ಹುಳಗಳು ಹಾರುತ್ತಿದ್ದವು. ಯುಕಿಮುಶಿ, ಹಿಮದ ಹುಳ. ಅವು ಬಂದರೆ ಸ್ವಲ್ಪ ದಿನದಲ್ಲೇ ಮೊದಲ ಹಿಮ ಬೀಳುತ್ತೆ ಅಂದಳು. ಅಲ್ಲಿ ವಿಲಿಯಂ ಕ್ಲಾರ್ಕ್ ಅವರ ಪ್ರತಿಮೆ ಇದೆ. ಅಮೆರಿಕದ ಈ ಪ್ರೊಫೆಸರ್ 1876ರಲ್ಲಿ ಸಪ್ಪೊರೊ ಕೃಷಿ ಕಾಲೇಜಿಗೆ ಬಂದು, 1877ರ ಏಪ್ರಿಲ್‌ನಲ್ಲಿ ಹೊರಟುಹೋದರು. ಇದ್ದದ್ದು ಬರೀ ಎಂಟು ತಿಂಗಳು ಚಿಲ್ಲರೆ. ಅಷ್ಟರಲ್ಲಿ ಮೊದಲ ಬ್ಯಾಚಿನ ಹುಡುಗರು ಯೇಸುವನ್ನು ನಂಬುತ್ತೇವೆ ಎಂಬ ಒಡಂಬಡಿಕೆಗೆ ಸಹಿ ಹಾಕಿದ್ದರು. ಎರಡನೇ ಬ್ಯಾಚಿನಲ್ಲಿ ಬಂದವರು ಉಚಿಮುರಾ ಕಾನ್ಜೊ, ನಿತೋಬೆ ಇನಾಜೊ. ಇಬ್ಬರೂ ಕಾಲೇಜಿಗೆ ಸೇರುವಾಗ ಕ್ಲಾರ್ಕ್ ಹೊರಟುಹೋಗಿ ತಿಂಗಳುಗಳಾಗಿದ್ದವು. ಆದರೂ ಇಬ್ಬರೂ 1878ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ನಿತೋಬೆ ಅವರ ಚಿತ್ರ 1984ರಲ್ಲಿ ಐದು ಸಾವಿರ ಯೆನ್ ನೋಟಿನ ಮೇಲೆ ಬಂತು. ಕೊಂಚ ಕಾಲ ಇದ್ದು ಹೋದವರಿಂದ ಏನೂ ಆಗಲ್ಲ ಅನ್ನುವವರು ಆ ಪ್ರತಿಮೆಯ ಮುಂದೆ ಒಮ್ಮೆ ನಿಂತು ಬರಲಿ.

ಫ್ರಾನ್ಸಿಸ್ ಝೇವಿಯರ್ ನಮ್ಮ ಪಕ್ಕದ ಗೋವಾದಿಂದಲೇ ಹೊರಟು 1549ರ ಆಗಸ್ಟ್ 15ರಂದು ಕಾಗೊಷಿಮಾದಲ್ಲಿ ಇಳಿದರು. ಎರಡು ವರ್ಷ ಚಿಲ್ಲರೆ ಇದ್ದು ಹೊರಟರು. 1614ರಲ್ಲಿ ಇಡೀ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಂತು. ಪಾದ್ರಿಗಳನ್ನು ಓಡಿಸಿದರು, ಕೊಂದರು. ಯೇಸುವಿನ, ಮರಿಯಳ ಚಿತ್ರ ತುಳಿದು ತೋರಿಸು ಎಂದು ಜನರನ್ನು ಪರೀಕ್ಷೆ ಮಾಡಿದರು. ಆದರೂ 1865ರ ಮಾರ್ಚ್‌ನಲ್ಲಿ ನಾಗಾಸಾಕಿಯ ಓಉರಾ ಚರ್ಚಿಗೆ ಉರಾಕಾಮಿಯ ಹಳ್ಳಿಯವರು ಬಂದು, ನಮ್ಮದೂ ನಿಮ್ಮ ನಂಬಿಕೆಯೇ ಎಂದು ಫ್ರೆಂಚ್ ಪಾದ್ರಿಗೆ ಮೆಲ್ಲಗೆ ಹೇಳಿದರು. ಇನ್ನೂರೈವತ್ತು ವರ್ಷ ಅವರನ್ನು ಯಾರು ಕಾಪಾಡಿದರು? ಬಿತ್ತಿದವರೇ ಕಾಯುತ್ತಾ ಕೂರಬೇಕು ಅಂತ ಎಲ್ಲೂ ಹೇಳಿಲ್ಲ.

ಜಪಾನಿನಲ್ಲಿ ಮೋಸದ ಪಂಥಗಳ ಭಯ ಜಾಸ್ತಿ, ನಿಮ್ಮನ್ನೂ ಹಾಗೇ ನೋಡುತ್ತಾರೆ ಅಂತ ಕೆಲವರು ಎಚ್ಚರಿಸಿದ್ದರು. ನಮ್ಮನ್ನು ಹಾಗೆ ಯಾರೂ ನೋಡಲಿಲ್ಲ. ನಾವು ಪ್ರೀತಿಯಿಂದ ಹೋಗಿದ್ದೆವು, ಅದು ಅವರಿಗೆ ತಿಳಿಯಿತು.

ಅವಳು ಕ್ರೈಸ್ತಳಾಗಿಲ್ಲ. ಆಗಲಿ ಅಂತ ದಿನಾ ಪ್ರಾರ್ಥನೆ ಮಾಡುತ್ತೇನೆ, ಇದನ್ನು ಮುಚ್ಚಿಡಲ್ಲ. ಆದರೆ ಆಗದಿದ್ದರೂ ಅವಳು ನನ್ನ ಗೆಳತಿಯೇ. ವಾರಕ್ಕೊಮ್ಮೆ ಲೈನ್ ಆ್ಯಪಿನಲ್ಲಿ ಮಾತಾಡುತ್ತೇವೆ. ಮೊದಲ ಹಿಮ ಬಿದ್ದ ದಿನ ಕಿಟಕಿಯಿಂದ ಫೋಟೊ ತೆಗೆದು ಕಳಿಸಿದಳು. ಅವಳು ಬರೆದ "ಶಿಯೊ" ಚೀಟಿ ಈಗ ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬದ ಮೇಲಿದೆ. ನನ್ನ ಅತ್ತೆ ಅದೇನು ಅಂತ ಕೇಳಿದರು. ನನ್ನ ಗೆಳತಿಯ ಅಕ್ಷರ ಅಂದೆ.

ವಿರೋಧ: ಆಮೇಲೆ ಬರುವ ಭಾನುವಾರ

ವಿರೋಧವಾಗಿ ಬರೆದುಕೊಡಿ ಅಂತ ಕೇಳಿದರು, ಒಪ್ಪಿಕೊಂಡೆ. ನಾನು ಪೂರ್ತಿ ವಿರೋಧಿಯಲ್ಲ. ಬರುವ ತಂಡಗಳಿಗೆ ನಿಲ್ದಾಣಕ್ಕೆ ಹೋಗಿ ಸ್ವಾಗತ ಮಾಡುವವನೂ ನಾನೇ, ಸೂಟ್‌ಕೇಸ್ ಎತ್ತುವವನೂ ನಾನೇ. ಬರುವವರು ಒಳ್ಳೆಯವರು. ಆದರೂ ಹೇಳಬೇಕಾದದ್ದು ಇದೆ.

ಮೊದಲನೆಯದು ಭಾಷೆ. ಭಾಷೆ ಬಾರದೆ ಆಗುವ ಗೆಳೆತನ ಉಪ್ಪು-ಸಕ್ಕರೆಯವರೆಗೆ ಹೋಗುತ್ತೆ. ಅದಕ್ಕಿಂತ ಮುಂದೆ ಹೋಗಲ್ಲ. ಜಪಾನಿನವರು ಅತಿಥಿಯ ಮುಂದೆ ಬೇಡ ಅನ್ನುವುದಿಲ್ಲ. ಎರಡು ಸಲ ಬಡಿಸಿಕೊಂಡರೆ ರುಚಿಯಾಗಿತ್ತು ಅಂತಲೇ ಅರ್ಥವಲ್ಲ. ಬೈಬಲ್ ಓದೋಣವಾ ಅಂತ ಕೇಳಿದಾಗ ಹೂಂ ಅಂದರೆ ಆಸಕ್ತಿ ಇದೆ ಅಂತ ಅರ್ಥವಲ್ಲ. ಇದು ತಿಳಿಯೋದಕ್ಕೆ ನನಗೆ ಮೂರು ವರ್ಷ ಬೇಕಾಯಿತು. ಭಾಷೆ ಕಲಿಯಬೇಕು. ಕಿಟೆಲ್ 1853ರಲ್ಲಿ ನಮ್ಮ ಕಡೆ ಬಂದರು, ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ನಮಗೆ ಸಿಕ್ಕಿದ್ದು ಅಂಥವರು. ನಾವು ಜಪಾನಿಗೆ ಕೊಡುತ್ತಿರುವುದು ಎರಡು ವಾರ.

ಎರಡನೆಯದು ಪಂಥಗಳ ಭಯ. ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. 1995ರ ಮಾರ್ಚ್ 20ರಂದು ಓಂ ಶಿನ್ರಿಕ್ಯೊ ಪಂಥದವರು ಟೋಕಿಯೊ ಸಬ್‌ವೇಯಲ್ಲಿ ಸಾರಿನ್ ವಿಷ ಬಿಟ್ಟರು. ಅವರಲ್ಲಿ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿದವರಿದ್ದರು. 2022ರ ಜುಲೈ 8ರಂದು ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ಗುಂಡಿಕ್ಕಿ ಕೊಂದವನಿಗೆ, ಯೂನಿಫಿಕೇಷನ್ ಚರ್ಚ್ ಎಂಬ ಪಂಥಕ್ಕೆ ತಾಯಿ ದೇಣಿಗೆ ಕೊಟ್ಟು ಕೊಟ್ಟು ಮನೆ ಹಾಳಾಯಿತು ಎಂಬ ಸಿಟ್ಟಿತ್ತು. 2025ರ ಮಾರ್ಚ್‌ನಲ್ಲಿ ಟೋಕಿಯೊ ಜಿಲ್ಲಾ ಕೋರ್ಟ್ ಆ ಸಂಸ್ಥೆಯನ್ನು ವಿಸರ್ಜಿಸಲು ಆದೇಶ ಕೊಟ್ಟಿತು. ಏಪ್ರಿಲ್‌ನಲ್ಲಿ ಕಾಲೇಜು ಶುರುವಾಗುವಾಗ ಹೊಸ ವಿದ್ಯಾರ್ಥಿಗಳಿಗೆ ಎಚ್ಚರಿಕೆ ಕೊಡುತ್ತಾರೆ. ಧರ್ಮದ ಹೆಸರು ಹೇಳದೆ ಕ್ಲಬ್ಬಿಗೆ ಕರೆಯುವವರು, ಇಂಗ್ಲಿಷ್ ಕಲಿಸುತ್ತೇವೆ ಅನ್ನುವವರು, ಬೇಗ ಸ್ನೇಹ ಬೆಳೆಸುವವರು, ಇವರ ಬಗ್ಗೆ ಹುಷಾರು ಅಂತ. ಈಗ ನಮ್ಮ ತಂಡದ ಕರಪತ್ರ ನೋಡಿ. ಮೇಲೆ ದೊಡ್ಡದಾಗಿ ಇಂಗ್ಲಿಷ್ ಸಂಜೆ, ಉಚಿತ, ಭಾರತದ ಊಟ. ಚರ್ಚಿನ ಹೆಸರು ಕೆಳಗೆ ಮೂಲೆಯಲ್ಲಿ. ಪ್ರೀತಿ ಇದೆ ಅಂತ ನಮಗೆ ಗೊತ್ತು. ಹದಿನೆಂಟರ ಹುಡುಗಿಗೆ, ಅವಳ ಅಮ್ಮನಿಗೆ ಅದು ಹೇಗೆ ಗೊತ್ತಾಗಬೇಕು?

ಕ್ಲಾರ್ಕ್ ಅವರ ಮಾತು ಎಲ್ಲರೂ ಎತ್ತುತ್ತಾರೆ. ಎಂಟು ತಿಂಗಳು ಎರಡು ವಾರವಲ್ಲ. ಆ ಒಡಂಬಡಿಕೆಗೆ ಸಹಿ ಹಾಕಲು ಸೀನಿಯರ್‌ಗಳು ತನ್ನ ಮೇಲೆ ಒತ್ತಡ ತಂದರು ಅಂತ ಉಚಿಮುರಾ ಅವರೇ ಬರೆದಿದ್ದಾರೆ. ಮುಂದೆ ಅವರು ವಿದೇಶಿ ಮಿಷನ್‌ಗಳ ಹಂಗು ಬೇಡ ಎಂದು ಚರ್ಚಿಲ್ಲದ ಕ್ರೈಸ್ತರ ದಾರಿ ಹಾಕಿಕೊಟ್ಟರು. ಪರವಾಗಿ ಬರೆಯುವವರು ಇದನ್ನೂ ಹೇಳಬೇಕಿತ್ತು.

ನಮ್ಮ ದೇಶದವರ ಉದಾಹರಣೆಯೇ ಬೇಕಾದರೆ ಗೊನ್ಸಾಲೊ ಗಾರ್ಸಿಯಾ ಇದ್ದಾರೆ. ಮುಂಬೈ ಹತ್ತಿರದ ವಸಾಯಿಯಲ್ಲಿ ಹುಟ್ಟಿದವರು. ಜಪಾನಿ ಚೆನ್ನಾಗಿ ಕಲಿತು ಪಾದ್ರಿಗಳಿಗೆ ದುಭಾಷಿಯಾಗಿದ್ದರು. 1597ರ ಫೆಬ್ರವರಿ 5ರಂದು ನಾಗಾಸಾಕಿಯಲ್ಲಿ ಶಿಲುಬೆಗೇರಿಸಿದ 26 ಮಂದಿಯಲ್ಲಿ ಅವರೂ ಒಬ್ಬರು. ವಾಪಸ್ ಟಿಕೆಟ್ ತೆಗೆದುಕೊಂಡು ಬಂದಿರಲಿಲ್ಲ.

ನನ್ನ ಮುಖ್ಯ ಪ್ರಶ್ನೆ ಇಷ್ಟೇ. ತಂಡ ಹೊರಟ ಮೇಲೆ ಬರುವ ಭಾನುವಾರ ಏನಾಗುತ್ತೆ? ನಾನು ಹೋಗುವ ಸಭೆಯಲ್ಲಿ ಇಪ್ಪತ್ತು ಜನ. ಹೆಚ್ಚಿನವರು ಎಪ್ಪತ್ತು ದಾಟಿದವರು. ತಂಡ ಇದ್ದಾಗ ಅಡುಗೆ ಮಾಡಿ, ಹಾಸಿಗೆ ಹಾಸಿ ಆ ಅಜ್ಜಿಯರು ಸುಸ್ತಾಗಿರುತ್ತಾರೆ. ಆ ಭಾನುವಾರ ಒಬ್ಬ ಹುಡುಗ ಬಂದ. ತಂಡದವರ ಜೊತೆ ಎರಡು ವಾರ ಓಡಾಡಿದವನು. ಕೈಯಲ್ಲಿ ನೋಟ್‌ಬುಕ್, ಅದರ ತುಂಬ ಪ್ರಶ್ನೆ. ಸುತ್ತ ನೋಡಿದ. ಅವನ ವಯಸ್ಸಿನವರು ಒಬ್ಬರೂ ಇರಲಿಲ್ಲ. "ಅವರು ಮತ್ತೆ ಯಾವಾಗ ಬರ್ತಾರೆ?" ಅಂತ ನನ್ನನ್ನು ಕೇಳಿದ. ಮುಂದಿನ ವರ್ಷ ಅಂದೆ. ಮುಂದಿನ ವರ್ಷ ಬಂದವರು ಬೇರೆಯವರು. ನಿನ್ನ ಹೆಸರೇನು, ಹವ್ಯಾಸ ಏನು ಅಂತ ಮತ್ತೆ ಮೊದಲಿಂದ ಕೇಳಿದರು. ಅವನು ತಾಳ್ಮೆಯಿಂದ ಉತ್ತರ ಕೊಟ್ಟ.

ಆ ಚಳಿಗಾಲ ಅವನ ಅಜ್ಜಿ ತೀರಿಕೊಂಡರು. ಅವರ ಮನೆಯಲ್ಲಿ ಬುತ್ಸುದಾನ್ ಇದೆ, ತೀರಿಕೊಂಡ ಹಿರಿಯರನ್ನು ನೆನೆಯುವ ಪೀಠ. ನಲವತ್ತೊಂಬತ್ತನೇ ದಿನದ ಕಾರ್ಯಕ್ಕೆ ಎಲ್ಲರೂ ಸಾಲಾಗಿ ಕೂತು ಧೂಪ ಹಾಕಬೇಕು. ನಾನು ಹಾಕಬಹುದಾ, ಬೇಡವಾ ಅಂತ ಅವನು ತಂಡದವರಿಗೆ ಲೈನ್‌ನಲ್ಲಿ ಬರೆದಿದ್ದ. ಪ್ರಾರ್ಥನೆ ಮಾಡ್ತೀವಿ ಅಂತ ಉತ್ತರ ಬಂದಿತ್ತು. ಅದನ್ನು ಫೋನಿನಲ್ಲಿ ತೋರಿಸಿದ. ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೂತಿದ್ದೆವು. ನನಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ನಮ್ಮೂರಲ್ಲಿ ಅಜ್ಜನ ಕಾಲದಲ್ಲಿ ಇದೇ ಪ್ರಶ್ನೆಗೆ ನೆಂಟರು ಮಾತು ಬಿಟ್ಟದ್ದನ್ನು ಹೇಳಿದೆ. ಅವನು ಕೇಳಿಸಿಕೊಂಡ. ಅಜ್ಜಿ ಎಂಥವರು ಅಂತ ನಾನು ಕೇಳಿದೆ. ಒಂದು ಗಂಟೆ ಅಜ್ಜಿಯ ಬಗ್ಗೆಯೇ ಮಾತಾಡಿದ, ಜಪಾನಿಯಲ್ಲಿ. ಕೊನೆಯ ಟ್ರೇನ್ ಹನ್ನೆರಡೂ ಹತ್ತಕ್ಕಿತ್ತು. ಅಲ್ಲಿಯವರೆಗೆ ಕೂತೆವು.