ಕಾಯಿಲೆಗೂ ಕಾಲಮಿತಿ

ನಗರದ ಮುಖ್ಯರಸ್ತೆಯೊಂದರ ಬದಿಯಲ್ಲಿ ‘ಸಾಕುಪ್ರಾಣಿಗಳಿಗೆ 24 ಗಂಟೆ ತುರ್ತು ಚಿಕಿತ್ಸೆ’ ಎಂದು ಸಾರುವ ಬೋರ್ಡೊಂದನ್ನು ಮಂಗಳೂರಿನ ನಾಯಿ-ಬೆಕ್ಕು ಸಾಕುವವರೆಲ್ಲ ಬಲ್ಲರು. ಅದರ ಕೆಳಗಿನ ಶಟರು ರಾತ್ರಿ 8ಕ್ಕೆ ಇಳಿಯುತ್ತದೆಂಬುದನ್ನೂ ಬಲ್ಲರು. ಗೊತ್ತಿಲ್ಲದವನು ನಾನೊಬ್ಬನೇ ಆದ್ದರಿಂದ, ಶನಿವಾರ ರಾತ್ರಿ 11ರ ಸುಮಾರಿಗೆ ಜಡಿಮಳೆಯಲ್ಲಿ ಬೆಕ್ಕಿನ ಬುಟ್ಟಿಯನ್ನು ಎದೆಗವಚಿಕೊಂಡು ಅದರಡಿ ಅರ್ಧ ಗಂಟೆ ನಿಂತೆ. ಬೋರ್ಡು ಸುಳ್ಳು ಹೇಳುತ್ತಿರಲಿಲ್ಲವೆಂಬುದು ನಿಧಾನವಾಗಿ ಅರ್ಥವಾಯಿತು: ಅದರ ದೀಪ ನಿಜಕ್ಕೂ 24 ಗಂಟೆ ಉರಿಯುತ್ತದೆ. ಅದರಲ್ಲಿದ್ದ ಮೊಬೈಲ್ ಸಂಖ್ಯೆಯೂ ಅಷ್ಟೇ ಪ್ರಾಮಾಣಿಕವಾಗಿ, ತಾನು ಸ್ವಿಚ್ ಆಫ್ ಆಗಿದ್ದೇನೆಂದು ಮೂರು ಭಾಷೆಗಳಲ್ಲಿ ತಿಳಿಸಿತು.

ತಪ್ಪು ಬೆಕ್ಕಿನದೇ. ಯಕ್ಷಗಾನಕ್ಕೇ ಕಾಲಮಿತಿ ಬಂದಿರುವಾಗ ಕಾಯಿಲೆಯೊಂದು ಮಾತ್ರ ಬೆಳಗಿನವರೆಗೆ ಕುಣಿಯುತ್ತೇನೆಂದರೆ ಹೇಗೆ? ಗಂಡುಬೆಕ್ಕಿನ ಮೂತ್ರನಾಳ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ಇಳಿಯುತ್ತದೆ, ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಮರಳಿನ ತಟ್ಟೆಯಲ್ಲಿ ಕುಳಿತು ತಿಣುಕುತ್ತಿದ್ದುದನ್ನು ಕಂಡ ನಮ್ಮ ಮನೆಯಲ್ಲಿ ಮಲಬದ್ಧತೆಯೆಂದು ಭಾವಿಸಿ ಹರಳೆಣ್ಣೆಯ ಬಾಟಲಿ ಹುಡುಕಲಾಗಿತ್ತು. ಸಭ್ಯವಾದ ಬೆಕ್ಕಾಗಿದ್ದರೆ ಸೋಮವಾರ ಬೆಳಿಗ್ಗೆ 10ಕ್ಕೆ ಟೋಕನ್ ಪಡೆದು ಅನಂತರ ಕಟ್ಟಿಕೊಳ್ಳುತ್ತಿತ್ತು.

ದಕ್ಷಿಣ ಕನ್ನಡ ಒಂದೇ ಜಿಲ್ಲೆಯಲ್ಲಿ ಎಂಟು ವೈದ್ಯಕೀಯ ಕಾಲೇಜುಗಳಿದ್ದು, ಎದೆ ಹಿಡಿದುಕೊಂಡು ಕುಸಿದ ಮನುಷ್ಯನನ್ನು ಯಾವ ಕಡೆಗೆ ಒಯ್ಯಬೇಕೆಂಬುದೇ ಇಲ್ಲಿ ಆಂಬುಲೆನ್ಸಿನವರಿಗೆ ಗೊಂದಲ. ಬೆಕ್ಕಿಗೆ ಅಂಥ ಗೊಂದಲವಿಲ್ಲ. ಇದೇ ಜಿಲ್ಲೆಯ ಕೊಯಿಲದ ಪಶುವೈದ್ಯಕೀಯ ಕಾಲೇಜಿನ ಸುದ್ದಿಯನ್ನು ನಾವು ವರ್ಷಗಳಿಂದ ಭಕ್ತಿಯಿಂದ ಓದುತ್ತ ಬಂದಿದ್ದೇವೆ. ಅವಸರದವರು ಆಗುಂಬೆಯ 14 ತಿರುವುಗಳನ್ನು ಹತ್ತಿ ಶಿವಮೊಗ್ಗಕ್ಕೋ, ಸುಮಾರು 350 ಕಿಲೋಮೀಟರ್ ದೂರದ ಬೆಂಗಳೂರಿನ ಹೆಬ್ಬಾಳಕ್ಕೋ, ಅಲ್ಲಿನ ಪಶುವೈದ್ಯಕೀಯ ಕಾಲೇಜಿಗೆ ಹೋಗಬಹುದು. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದರೆ ಬರುವ ಗಾಡಿ ಮುಖ್ಯವಾಗಿ ಹಳ್ಳಿಯ ದನಕರುಗಳಿಗೆಂದು ಹುಟ್ಟಿದ್ದು. ಫ್ಲ್ಯಾಟಿನ ಬೆಕ್ಕಿಗಾಗಿ ಅದನ್ನು ದೂರುವಷ್ಟು ನಾಚಿಕೆಗೇಡಿ ನಾನಲ್ಲ.

ನಾಚಿಕೆಯ ಮಾತು ಬಂದದ್ದರಿಂದ ನಮ್ಮ ವಸತಿ ಸಮುಚ್ಚಯದ ಹಸ್ಕಿಯ ವಿಷಯವನ್ನೂ ಹೇಳಬೇಕು. ಸೈಬೀರಿಯದ ಹಿಮದಲ್ಲಿ ಬಂಡಿ ಎಳೆಯಲೆಂದು ಎರಡು ಪದರದ ತುಪ್ಪಳ ಹೊತ್ತು ಹುಟ್ಟಿದ ತಳಿಯನ್ನು, ಮೇ ತಿಂಗಳಲ್ಲಿ ಒಗೆದ ಬಟ್ಟೆಯಷ್ಟೇ ಅಲ್ಲ, ಗಾಳಿಯೂ ಒದ್ದೆಯಾಗಿರುವ ಈ ಊರಿಗೆ ತಂದು ಆರನೇ ಮಹಡಿಯಲ್ಲಿಟ್ಟಿದ್ದಾರೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ; ತೇಕಿ ತೇಕಿ ನಾಲಿಗೆಯ ತೇವವನ್ನು ಆರಿಸಿಯೇ ಮೈ ತಂಪುಮಾಡಿಕೊಳ್ಳುತ್ತದೆ. ಗಾಳಿಯೇ ನೀರು ಕುಡಿದು ಕೂತಿದ್ದರೆ ಆ ತೇವ ಆರುವುದೆಲ್ಲಿ? ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಳಗಿನ ಅಂಗಗಳು ಒಂದೊಂದಾಗಿ ಕೈಕೊಡತೊಡಗುತ್ತವೆ. ‘ಎಸಿ ಉಂಟಲ್ಲ’ ಎನ್ನುತ್ತಾರೆ ಯಜಮಾನರು. ಕರೆಂಟು ಹೋಗುವ ಊರಿನಲ್ಲಿ ಅವರ ಆತ್ಮವಿಶ್ವಾಸ ಮೆಚ್ಚತಕ್ಕದ್ದು. ಮರಿಯ ಬೆಲೆಯನ್ನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಳ್ಳುವ ಅದೇ ಯಜಮಾನರು, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಡಾಕ್ಟರು ಹೆಚ್ಚು ಫೀಸು ಕೇಳಿದರೆಂದು ವಾಟ್ಸಾಪ್ ಗುಂಪಿನಲ್ಲಿ ವಾರವಿಡೀ ಗೋಳಾಡಿದರು.

ಹಗಲಿಡೀ ಲಸಿಕೆ, ಶಸ್ತ್ರಕ್ರಿಯೆ, ಎಕ್ಸ್‌ರೇ, ಲೆಕ್ಕಪತ್ರ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಡಾಕ್ಟರು ರಾತ್ರಿ ಮಲಗಬಾರದೆಂದು ನಾನು ಹೇಳುತ್ತಿಲ್ಲ. ಮಲಗಲಿ. ರಾತ್ರಿ ಪಾಳಿಗೆ ಇನ್ನೊಬ್ಬರನ್ನಿಡಲು ದುಡ್ಡು ಹುಟ್ಟುವುದಿಲ್ಲವೆಂಬುದೂ ನಿಜವಿರಬಹುದು. ಹಾಗಿದ್ದರೆ ಬೋರ್ಡನ್ನು ಇಳಿಸಿ. ‘ರಾತ್ರಿ ಇಲ್ಲ’ ಎಂದು ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿದ್ದರೂ ನನ್ನ ಅರ್ಧ ಗಂಟೆ ಉಳಿಯುತ್ತಿತ್ತು. ಆ ಅರ್ಧ ಗಂಟೆ ಬುಟ್ಟಿಯೊಳಗೆ ಅದು ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಅದರ ಬಗ್ಗೆ ತಮಾಷೆ ಮಾಡಲು ನನಗೆ ಬರುವುದಿಲ್ಲ.

ಕೊನೆಗೆ ಕದ್ರಿಯ ಕಡೆಯ ನಿವೃತ್ತ ಪಶುವೈದ್ಯರೊಬ್ಬರು ಲುಂಗಿಯಲ್ಲೇ ಬಾಗಿಲು ತೆರೆದರು. ಅವರ ಊಟದ ಮೇಜಿನ ಮೇಲೆ, ನನ್ನ ಮೊಬೈಲಿನ ಬೆಳಕಿನಲ್ಲಿ, ನಳಿಕೆ ತೂರಿಸಿ ಮೂತ್ರ ಬಿಡಿಸಿದರು. ಡ್ರಿಪ್ಪಿನ ಬಾಟಲಿ ಕ್ಯಾಲೆಂಡರಿನ ಮೊಳೆಗೆ ನೇತುಬಿತ್ತು. ಪೊಟ್ಯಾಸಿಯಂ ನೋಡುವ ಯಂತ್ರವಿಲ್ಲದ ಕಾರಣ ಬೆಳಗಿನವರೆಗೂ ಆಗಾಗ ಸ್ಟೆತಸ್ಕೋಪಿಟ್ಟು ಬಡಿತ ಎಣಿಸುತ್ತ ಕುಳಿತರು. ಹೊರಡುವಾಗ ಫೀಸು ಎಷ್ಟೆಂದು ಕೇಳಿದೆ.

“ಅದು ಬಿಡಿ ಮಾರಾಯ್ರೆ,” ಎಂದರು. “ಆ ಬೋರ್ಡಿನಲ್ಲಿ ನನ್ನ ಹೆಸರು ಇನ್ನೂ ಉಂಟಾ?”