ಯಾವೂರಪ್ಪಾ ನಿಂದು?

ಮಂಡಿ ನೋವು ಇನ್ನೂ ಹೋಗಿಲ್ಲ. ಮನೆಯ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು ಅಡ್ಡಡ್ಡ ಇಳಿಯುತ್ತಿದ್ದೇನೆ. ಬೆಟ್ಟ ಹತ್ತಿ ಬಂದವನಿಗೆ ಮಂಡಿ ನೋಯದೆ ಇನ್ನೇನು ಕಿವಿ ನೋಯುತ್ತದಾ ಅಂತ ನೀವು ಕೇಳಬಹುದು. ನೋಯುತ್ತದೆ ಸ್ವಾಮಿ. ನಮ್ಮ ಭಾವನ ಜೊತೆ ಹತ್ತಿದರೆ ಕಿವಿಯೇ ಮೊದಲು ನೋಯುತ್ತದೆ.

ಹೋಗಿದ್ದು ಕುಮಾರಪರ್ವತಕ್ಕೆ. ಎತ್ತರ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟರೆ ತುದಿಗೆ ಹೆಚ್ಚುಕಡಿಮೆ 13 ಕಿಲೋಮೀಟರ್. ವಾಪಸ್ ಬರುವುದೂ ಅಷ್ಟೇ ದೂರ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. 2024ರ ಜನವರಿಯಲ್ಲಿ ಇಲ್ಲಿ ಜನ ನುಗ್ಗಿದ ವಿಡಿಯೋ ನೀವೂ ನೋಡಿರುತ್ತೀರಿ. ಬೆಟ್ಟವೋ, ಮೆಜೆಸ್ಟಿಕ್ಕೋ ಗೊತ್ತಾಗುತ್ತಿರಲಿಲ್ಲ. ಆಮೇಲೆ ಅರಣ್ಯ ಇಲಾಖೆಯವರು ಸ್ವಲ್ಪ ಕಾಲ ಚಾರಣವನ್ನೇ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿದರು. ಒಳ್ಳೆಯದೇ ಆಯಿತು, ಈಗಲಾದರೂ ಸದ್ದಿಲ್ಲದೆ ನಡೆಯಬಹುದು ಅಂತ ವಾರದ ಮಧ್ಯೆ ರಜೆ ಹಾಕಿ ಬುಕ್ ಮಾಡಿದೆ. ಯಾರೂ ಮೀಟಿಂಗಿಗೆ ಕರೆಯದ, ಪಕ್ಕದ ಮನೆಯವರು ಗೋಡೆಗೆ ಡ್ರಿಲ್ ಹಾಕದ ಒಂದೇ ಒಂದು ದಿನ. ನನಗೆ ಬೇಕಿದ್ದದ್ದು ಅಷ್ಟೇ.

ಅಷ್ಟರಲ್ಲಿ ಅಕ್ಕ ಫೋನ್ ಮಾಡಿದಳು. "ಇವರನ್ನೂ ಕರ್ಕೊಂಡು ಹೋಗೋ. ರಿಟೈರ್ ಆದಾಗಿಂದ ಮನೇಲಿ ಕೂತು ನನ್ನ ತಲೆ ತಿಂತಿದಾರೆ." ಸರಿ, ಒಂದು ದಿನ ನನ್ನ ತಲೆ ತಿನ್ನಲಿ ಅಂತ ಅವಳ ಲೆಕ್ಕ.

ಭಾವ ಹೈಸ್ಕೂಲು ಮೇಷ್ಟ್ರಾಗಿದ್ದವರು. ಕಾಲಿನ ವಿಷಯದಲ್ಲಿ ನನ್ನದೇನೂ ದೂರಿಲ್ಲ. ದಿನಾ ಪಾರ್ಕಿನಲ್ಲಿ ಸುತ್ತು ಹಾಕುತ್ತಾರೆ, ನನಗಿಂತ ಸಲೀಸಾಗಿ ಹತ್ತುತ್ತಾರೆ. ತೊಂದರೆ ಇರುವುದು ಅವರು ಹಿಂದೆ ಮಾಡಿದ ಜನಗಣತಿ ಡ್ಯೂಟಿಯಲ್ಲಿ. 2011ರಲ್ಲಿ ಮನೆಮನೆಗೆ ಹೋಗಿ ಊರು, ಕೇರಿ, ಎಷ್ಟು ಜನ ಅಂತ ಬರೆದುಕೊಂಡಿದ್ದರಲ್ಲ, ಆ ಚಟ ಅಂಟಿಕೊಂಡಿದೆ. 2021ರ ಜನಗಣತಿ ಮುಂದಕ್ಕೆ ಹೋಯಿತು ನೋಡಿ, ಅದನ್ನು ಇವರೊಬ್ಬರೇ ನಡೆಸುತ್ತಿದ್ದಾರೆ. ಆಟೋದಲ್ಲಿ, ಲಿಫ್ಟಿನಲ್ಲಿ, ರಕ್ತ ಕೊಡಲು ನಿಂತ ಲ್ಯಾಬಿನ ಸಾಲಿನಲ್ಲಿ. ಈಗ ಬೆಟ್ಟದ ಮೇಲೆ.

ಕೆಳಗಿನ ಕಾಡು ದಟ್ಟ. ಮರದ ಬೇರುಗಳೇ ಮೆಟ್ಟಿಲು. ಜೀರುಂಡೆ ಸದ್ದು ಬಿಟ್ಟರೆ ನಮ್ಮ ಉಸಿರೇ ನಮಗೆ ಕೇಳಬೇಕು. ಮೇಲಿನಿಂದ ಇಬ್ಬರು ಇಳಿದು ಬಂದರು. ಭಾವ ನಿಂತರು.

"ಇನ್ನೆಷ್ಟು ದೂರ ಇದೆಯಪ್ಪಾ?"

"ಇಲ್ಲೇ ಸರ್, ಗಿರಿಗದ್ದೆಗೆ ಇನ್ನೊಂದು ಅರ್ಧ ಗಂಟೆ."

ಇದು ಆ ಬೆಟ್ಟದ ಸಂಪ್ರದಾಯ. ಇಳಿಯುವವರು ಹತ್ತುವವರಿಗೆ ನಿಜ ಹೇಳಬಾರದು. ಭೀಮನ ಬಂಡೆ ಹತ್ತಿರ ಕೇಳಿದರೂ ಅರ್ಧ ಗಂಟೆ, ಅಲ್ಲಿಂದ ಅರ್ಧ ಗಂಟೆ ನಡೆದು ಕೇಳಿದರೂ ಅರ್ಧ ಗಂಟೆ. ಇದನ್ನು ನಾನು ಒಪ್ಪಿಕೊಂಡಿದ್ದೇನೆ. ಆದರೆ ಭಾವನಿಗೆ ಆ ಪ್ರಶ್ನೆ ಸುಮ್ನೆ ಪೀಠಿಕೆ. ಅಸಲು ಪ್ರಶ್ನೆ ಹಿಂದೆಯೇ ಬರುತ್ತದೆ.

"ಯಾವೂರಪ್ಪಾ ನಿಂದು?"

ಬೆಂಗಳೂರು ಅಂದರೆ ಬಿಡುವುದಿಲ್ಲ. "ಬೆಂಗಳೂರು ಎಲ್ರುದೂನೂ ಬಿಡು, ಸ್ವಂತ ಊರು?" ಊರು ಸಿಕ್ಕಿತು ಅಂದರೆ ಬೀದಿ. ಬೀದಿ ಸಿಕ್ಕಿತು ಅಂದರೆ, ಆ ಬೀದಿಯಲ್ಲಿ ಒಂದು ಬೇವಿನ ಮರ ಇತ್ತು, ಇದೆಯಾ, ಕಡಿದುಬಿಟ್ಟರಾ?

ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅಷ್ಟೇ. ಅಷ್ಟು ಹತ್ತಿದ ಮೇಲೆ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಸಿಕ್ಕರೆ ಮನುಷ್ಯ ಮಾತಾಡಬಾರದು. ಭಾವ ಮಜ್ಜಿಗೆ ಸುರಿದುಕೊಳ್ಳುತ್ತಾ ಶಿರಸಿಯ ಎರಡು ಕುಟುಂಬಗಳ ಆಸ್ತಿ ಜಗಳದ ಒಳಗೆ ಹೋಗಿಬಿಟ್ಟಿದ್ದರು. ಮುಂದೆ ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಚೀಲ ನೋಡಿ, ಬುಕಿಂಗ್ ನೋಡಿ, "ಯಾವೂರಿಂದ ಬಂದದ್ದು ನೀವು?" ಅಂದರು. ಭಾವನಿಗಿಂತ ಮೊದಲು ಆ ಪ್ರಶ್ನೆ ಕೇಳಿದ ಮನುಷ್ಯ ಇಡೀ ಬೆಟ್ಟದಲ್ಲಿ ಅವರೊಬ್ಬರೇ. ಭಾವನಿಗೆ ಎಷ್ಟು ಖುಷಿಯಾಯಿತೆಂದರೆ ಮೂರು ತಲೆಮಾರಿನ ವಿವರ ಕೊಟ್ಟರು. ಪಾಪ, ಅವರು ಕೇಳಿದ್ದು ರಿಜಿಸ್ಟರಿನಲ್ಲಿ ಬರೆದುಕೊಳ್ಳಲು.

ಅಲ್ಲಿಂದ ಮುಂದೆ ಹುಲ್ಲುಗಾವಲು. ನೆರಳು ಅನ್ನುವುದು ಹೆಸರಿಗೂ ಇಲ್ಲ. ಕಲ್ಲು ಮಂಟಪ ತಲುಪಿದಾಗ ಕಂಬಕ್ಕೆ ಒರಗಿಕೊಂಡು ಒಬ್ಬ ಹುಡುಗ ಕೂತಿದ್ದ. ಒಂದು ಕಾಲಿನ ಶೂ ಬಿಚ್ಚಿದ್ದ. ಮೀನಖಂಡ ಹಿಡಿದುಕೊಂಡು ಗೆಳೆಯನ ಹತ್ತಿರ ತಿಕ್ಕಿಸಿಕೊಳ್ಳುತ್ತಿದ್ದ. ಮುಖ ಕಿವುಚಿಕೊಂಡಿತ್ತು. ಅಂಥವನನ್ನು ಯಾರಾದರೂ ಮಾತಾಡಿಸುತ್ತಾರಾ?

"ಯಾವೂರಪ್ಪಾ?"

"ಅಮ್ಮಾ... ತಿಪಟೂರು ಸಾರ್."

ನನಗೆ ಎದೆ ಧಸಕ್ಕೆಂದಿತು. ಭಾವ ತಿಪಟೂರಿನಲ್ಲಿ ಕೆಲಸ ಮಾಡಿದವರು. ಚೀಲ ಕೆಳಗಿಟ್ಟರು. ಇವರು ಚೀಲ ಕೆಳಗಿಟ್ಟರೆ ಮುಗಿಯಿತು.

"ತಿಪಟೂರಲ್ಲಿ ಎಲ್ಲಿ?"

"ಕೊಬ್ಬರಿ ಮಾರ್ಕೆಟ್ ಹಿಂದೆ ಸಾರ್. ಲೋ, ಮೆತ್ತಗೆ ತಿಕ್ಕೋ!"

"ಅಲ್ಲೊಂದು ಸೈಕಲ್ ಶಾಪ್ ಇತ್ತು. ಸಣ್ಣಗಿದ್ರು ಅವರು, ಕನ್ನಡಕ."

ಹುಡುಗ ತಿಕ್ಕುತ್ತಿದ್ದವನ ಕೈ ಹಿಡಿದು ನಿಲ್ಲಿಸಿದ. "ಸಾರ್, ಅದು ನಮ್ಮ ದೊಡ್ಡಪ್ಪಂದೇ!"

"ನನ್ನ ಸೈಕಲ್‌ಗೆ ಪಂಕ್ಚರ್ ಹಾಕಿ ದುಡ್ಡು ಇಸ್ಕೊಳ್ತಿರಲಿಲ್ಲ ಕಣೋ. ಮೇಷ್ಟ್ರ ಹತ್ರ ಎಂಥಾ ದುಡ್ಡು ಅಂತಿದ್ರು."

ಅಷ್ಟು ಹೊತ್ತು ಏಳಲಾರದೆ ಬಿದ್ದಿದ್ದವನು ಎದ್ದು, ಒಂದೇ ಶೂನಲ್ಲಿ ಕುಂಟುತ್ತಾ ಬಂದು ಭಾವನ ಕಾಲಿಗೆ ನಮಸ್ಕಾರ ಮಾಡಿದ. ಬಗ್ಗಿದ್ದೇ ತಡ, ಮತ್ತೆ ಮೀನಖಂಡ ಹಿಡಿದುಕೊಂಡಿತು. ಅಲ್ಲೇ ಕೂತ. ಭಾವ, ಆ ಗೆಳೆಯ ಇಬ್ಬರೂ ಸೇರಿ ಕಾಲು ತಿಕ್ಕಿದರು. ತಿಕ್ಕುತ್ತಾ ತಿಕ್ಕುತ್ತಾ ದೊಡ್ಡಪ್ಪನ ಮಕ್ಕಳು ಏನು ಮಾಡುತ್ತಾರೆ, ಶಾಪು ಈಗ ಯಾರು ನೋಡಿಕೊಳ್ಳುತ್ತಾರೆ, ಕೊಬ್ಬರಿ ರೇಟು ಎಷ್ಟಾಗಿದೆ, ಎಲ್ಲ ಬಂತು. ನಾನು ಪಶ್ಚಿಮ ಘಟ್ಟದ ಕಡೆ ಮುಖ ಮಾಡಿ ಕೂತಿದ್ದೆ. ಎದುರಿಗೆ ಸಾಲುಸಾಲು ಬೆಟ್ಟ, ಕಿವಿಯಲ್ಲಿ ತಿಪಟೂರು.

ಮಂಟಪ ಬಿಟ್ಟ ಮೇಲೆ ಬಹಳ ಹೊತ್ತು ಯಾರೂ ಎದುರಾಗಲಿಲ್ಲ. ಗಾಳಿ, ಹುಲ್ಲು, ಬಿಸಿಲು. ಭಾವನೂ ಸುಮ್ಮನಾದರು. ನನಗೆ ಬೇಕಿದ್ದ ಮೌನ ಕಡೆಗೂ ಸಿಕ್ಕಿತು. ಸಿಕ್ಕಮೇಲೆ ಏನೋ ಕಸಿವಿಸಿ. "ಸುಸ್ತಾಯ್ತಾ ಭಾವ?" ಅಂದೆ.

"ಇಲ್ಲ ಕಣೋ. ಸ್ಟಾಫ್ ರೂಮಿನಲ್ಲಿ ಬಾಯಿ ಮುಚ್ಚೋಕೆ ಪುರುಸೊತ್ತಿರಲಿಲ್ಲ. ಈಗ ದಿನಾ ಫೋನ್ ಬರುತ್ತೆ, ಲೋನ್ ಬೇಕಾ ಸರ್ ಅಂತ. ಆ ಹುಡುಗೀರನ್ನೂ ಯಾವೂರಮ್ಮಾ ಅಂತ ಕೇಳ್ತೀನಿ. ಇಟ್ಟುಬಿಡ್ತಾರೆ."

ಏನು ಹೇಳಬೇಕೋ ತಿಳಿಯಲಿಲ್ಲ. ನನ್ನ ಚೀಲದಲ್ಲಿದ್ದ ಕಡಲೆಮಿಠಾಯಿ ಕೊಟ್ಟೆ. ತಿಂದರು. ಆಚೆ ಏರಿನಲ್ಲಿ ಯಾರದೋ ತಲೆ ಕಂಡಿತು, ಮಿಠಾಯಿ ಬಾಯಲ್ಲಿದ್ದಂತೆಯೇ ಹೆಜ್ಜೆ ಜೋರು ಹಾಕಿದರು.

ಶೇಷಪರ್ವತದ ನೆತ್ತಿಗೆ ಬಂದಾಗ ಹೊತ್ತು ಮೀರಿತ್ತು. ಎದುರಿಗೇ ಕುಮಾರಪರ್ವತ. ನಡುವೆ ಒಂದು ಇಳಿಜಾರು, ಒಂದಿಷ್ಟು ಕಾಡು, ಆಮೇಲೆ ಹತ್ತಬೇಕಾದ ಬಂಡೆ. ಆದರೆ ಬೆಳಕಿರುವಾಗಲೇ ಕೆಳಗಿಳಿಯಬೇಕಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಶಿರಸಿಗೆ ಇಪ್ಪತ್ತು ನಿಮಿಷ, ಹಾವೇರಿಗೆ ಹತ್ತು, ತಿಪಟೂರು ಒಂದಕ್ಕೇ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಉಳಿದಿದ್ದರೆ ತುದಿ ಮುಟ್ಟಿ ಬರಬಹುದಿತ್ತು. ಅದನ್ನೇ ಹೇಳಿದೆ, ಸ್ವಲ್ಪ ಗಡುಸಾಗಿಯೇ.

ಭಾವ ಬೇಜಾರು ಮಾಡಿಕೊಳ್ಳಲಿಲ್ಲ. ಎದುರು ಬೆಟ್ಟ ತೋರಿಸಿ ಕಥೆ ಶುರು ಮಾಡಿದರು. ಕುಮಾರಸ್ವಾಮಿ ತಾರಕಾಸುರನನ್ನು ಕೊಂದು ಇಲ್ಲಿಗೆ ಬಂದಾಗ ಇಂದ್ರ ಎದುರುಗೊಂಡು ಮಗಳು ದೇವಸೇನೆಯನ್ನು ಕೊಟ್ಟನಲ್ಲ, ಹೇಗೆ ಕೊಟ್ಟ? "ಯಾರ ಮಗ, ಯಾವ ಕಡೆಯವನು ಅಂತ ವಿಚಾರಿಸಿದ್ದಕ್ಕೆ ತಾನೇ ಮದುವೆ ಆಗಿದ್ದು? ನಿನ್ನ ಥರ ಮುಖ ತಿರುಗಿಸಿಕೊಂಡು ಕೂತಿದ್ರೆ ಆಗ್ತಿತ್ತಾ?"

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನು ಇಳಿಯಲು ಶುರು ಮಾಡಿದೆ. ಹತ್ತುವವರು ಇಬ್ಬರು ಎದುರಾಗಿ, ತುದಿಗೆ ಇನ್ನೆಷ್ಟು ಹೊತ್ತು ಬೇಕು ಅಂತ ಕೇಳಿದರು. ಭಾವ ಬಾಯಿ ತೆರೆಯುವ ಮೊದಲೇ "ಅರ್ಧ ಗಂಟೆ" ಅಂದುಬಿಟ್ಟು ಅವರ ತೋಳು ಹಿಡಿದು ಎಳೆದುಕೊಂಡು ಬಂದೆ.

ಈಗ 'ಕುಮಾರಪರ್ವತ ಬಳಗ' ಅಂತ ಒಂದು ವಾಟ್ಸ್ಆ್ಯಪ್ ಗುಂಪಿದೆ. ಬೆಟ್ಟದಲ್ಲಿ ಸಿಕ್ಕವರೆಲ್ಲ ಇದ್ದಾರೆ. ನನ್ನನ್ನೂ ಹಾಕಿದ್ದಾರೆ, ಕೇಳದೆ. ಬೆಳಗಾಗುವ ಮೊದಲೇ ಅದರಲ್ಲಿ ಶುಭೋದಯ ಬರುತ್ತದೆ, ಗುಲಾಬಿ ಹೂವಿನ ಸಮೇತ. ನಿನ್ನೆ ತಿಪಟೂರಿನ ಹುಡುಗ ಅಣ್ಣನ ಮನೆಯ ಗೃಹಪ್ರವೇಶದ ಕಾರ್ಡು ಹಾಕಿದ್ದಾನೆ. ದೊಡ್ಡಪ್ಪ ಮೇಷ್ಟ್ರನ್ನು ನೋಡಲೇಬೇಕು ಅಂದರಂತೆ. ಭಾನುವಾರ ಹೊರಡುವುದು, ಕಾರು ನನ್ನದು.

ದಾರಿಯಲ್ಲಿ ಟೋಲ್ ಬರುತ್ತೆ, ಫಾಸ್ಟ್‌ಟ್ಯಾಗ್ ಇದೆ, ನಿಲ್ಲಿಸೋ ಹಾಗಿಲ್ಲ ಅಂತ ಈಗಲೇ ಹೇಳಿಟ್ಟಿದ್ದೇನೆ. "ಅಲ್ಲಿ ಸೌತೆಕಾಯಿ ಮಾರೋರು ಇರ್ತಾರಲ್ಲ?" ಅಂತ ಕೇಳಿದರು.