ಹೊಗೆ ಇಲ್ಲ ನಿಜ, ಸತ್ತ ಬ್ಯಾಟರಿ ಕಥೆ ಏನು?

ಬ್ಯಾಟರಿ ವೀಡ್ ಕಟರ್ (ತೋಟದ ಕಳೆ, ಹುಲ್ಲು ಕತ್ತರಿಸುವ ಯಂತ್ರ) ಬಗ್ಗೆ ನೀವು ಬರೆದ ಲೇಖನ ಓದಿದೆ. ಅದರಲ್ಲಿ ಹೊಗೆ ಇಲ್ಲ, ಹಾಗಾಗಿ ಪರಿಸರಕ್ಕೆ ತೊಂದರೆಯೇ ಇಲ್ಲ ಅಂತ ಇದೆ. ಹೊಗೆ ಇಲ್ಲ, ಸದ್ದೂ ಕಡಿಮೆ, ಒಪ್ಪೋಣ. ಆದರೆ ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತದೆ? ನಮ್ಮ ಮಲೆನಾಡಿನ ತೋಟಗಳಿಗೆ ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಬಂದು ಎಷ್ಟೋ ವರ್ಷವಾಯಿತು. ಅದರ 12 ವೋಲ್ಟ್ ಬ್ಯಾಟರಿ ಹೆಚ್ಚಾಗಿ ಸೀಸದ್ದು. ಗುಜರಿಯವನು ತೂಕ ಹಾಕಿ ಕಾಸು ಕೊಡುತ್ತಾನೆ, ಹಾಗಾಗಿ ಯಾರೂ ಸುಮ್ನೆ ಬಿಸಾಡುವುದಿಲ್ಲ. ಆದರೆ ವೀಡ್ ಕಟರ್‌ಗೆ ಹಾಕುವಂಥ ಲಿಥಿಯಂ ಬ್ಯಾಟರಿ ಪ್ಯಾಕನ್ನು ನಮ್ಮೂರಲ್ಲಿ ಕೇಳುವವರೇ ಇಲ್ಲ. ಪಕ್ಕದ ತೋಟದಲ್ಲಿ ಉಬ್ಬಿದ ಪ್ಯಾಕೊಂದು ಪಂಪ್‌ಹೌಸ್ ಮೂಲೆಯಲ್ಲಿ, ಒಣಗಿದ ಅಡಿಕೆ ಸಿಪ್ಪೆ ರಾಶಿಯ ಪಕ್ಕದಲ್ಲೇ ಬಿದ್ದಿದೆ. ಅದಕ್ಕೊಂದು ಪೆಟ್ಟು ಬಿದ್ದರೆ ಬೆಂಕಿ ಹತ್ತಬಹುದು, ನೋಡಿದರೇ ಭಯವಾಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹಳೇದನ್ನು ವಾಪಸ್ ತಗೋತೀರಾ ಅಂತ ಕೊಳ್ಳುವಾಗಲೇ ಅಂಗಡಿಯಲ್ಲಿ ಕೇಳಬೇಕು ಅಲ್ವಾ?

ಸುರಕ್ಷತೆಗೆ ಕನ್ನಡಕ, ಬೂಟು ಅಂದಿದ್ದೀರಿ, ಸರಿ. ಬ್ಲೇಡಿಗೆ ಸುತ್ತಿಕೊಂಡ ಹುಲ್ಲು ಬಿಡಿಸುವ ಮೊದಲು ಪ್ಯಾಕ್ ಕಿತ್ತಿಡಬೇಕು ಅನ್ನೋದನ್ನೂ ದಯವಿಟ್ಟು ಸೇರಿಸಿ. ಪೆಟ್ರೋಲ್ ಯಂತ್ರ ಶುರುವಾಗಲು ಹಗ್ಗ ಎಳೆಯಬೇಕು. ಬ್ಯಾಟರಿಯದ್ದು ಸ್ವಿಚ್ ಒತ್ತಿದ ಕೂಡಲೇ ತಿರುಗುತ್ತದೆ.